ನನ್ನ ಮೂಗು, ನಿಮ್ಮ ಹೆಬ್ಬೆರಳು

ಪ್ರೀತಿಯ ದೊಡ್ಡಮ್ಮಾ,

ಕಳೆದ ವಾರ ಪುತ್ತೂರಿನಲ್ಲಿ ಮೂಗಿನ ಡಾಕ್ಟರ ಎದುರು ಕೂತಿದ್ದೆ. ನನ್ನ ಎಡ ಹೊಳ್ಳೆ ಯಾವಾಗಲೂ ಕಟ್ಟಿಕೊಂಡೇ ಇರುತ್ತದಲ್ಲ, ಅದಕ್ಕೆ. ಅವರು ಟಾರ್ಚು ಬಿಟ್ಟು ನೋಡಿ, "ಒಳಗಿನ ಗೋಡೆ ಸ್ವಲ್ಪ ವಾರೆ ಉಂಟು. ಸಣ್ಣದಿರುವಾಗ ಬಿದ್ದದ್ದುಂಟಾ?" ಎಂದು ಕೇಳಿದರು. ನಾನು ಎಂದಿನ ಉತ್ತರವನ್ನೇ ಕೊಟ್ಟೆ. "ಇಲ್ಲ ಡಾಕ್ಟ್ರೇ, ದೊಡ್ಡಮ್ಮ ಮೀಯಿಸುವಾಗ ಮೂಗು ತಿದ್ದಿದ್ದು ಜಾಸ್ತಿ ಆದದ್ದಂತೆ." ಅವರು ನಕ್ಕುಬಿಟ್ಟರು. "ಎಣ್ಣೆ ಹಚ್ಚಿ ತಿಕ್ಕಿದ್ರೆ ಮೂಗು ನೆಟ್ಟಗೂ ಆಗುದಿಲ್ಲ, ಹೀಗೆ ವಾರೆಯೂ ಆಗುದಿಲ್ಲ. ಕೆಲವರಿಗೆ ಹುಟ್ಟುವಾಗಲೇ ಇರ್ತದೆ. ನಿಮ್ಮದು ಹಳೆ ಪೆಟ್ಟು. ಸರಿಯಾಗಿ ನೆನಪು ಮಾಡಿ."

ನೆನಪು ಮಾಡುವುದೇನು ಬಂತು! ಎರಡನೇ ಕ್ಲಾಸಿನಲ್ಲಿದ್ದಾಗ, ಮುಟ್ಟಬಾರದೆಂದು ಅಪ್ಪ ಹೇಳಿದ್ದ ಸೈಕಲನ್ನು ಕದ್ದು ತುಳಿದು, ತೋಡಿನ ನೀರು ದಾಟುವ ಕಾಲುಸಂಕದ ಮೇಲೆ ಮುಖ ಅಡಿಯಾಗಿ ಬಿದ್ದಿದ್ದೆ. ರಕ್ತವನ್ನು ಅಲ್ಲೇ ತೊಳೆದುಕೊಂಡೆ. ಮೂಗು ಊದಿದ್ದು ನೋಡಿ ನೀವು ಗಾಬರಿಯಾದಾಗ, ಕಣಜ ಕಚ್ಚಿತು ಎಂದೆ. ಪಾಪ, ನೀವು ನಂಬಿ ಸುಣ್ಣ ಹಚ್ಚಿದಿರಿ.

ಮರುವರ್ಷ ಚಿಕ್ಕಮ್ಮನ ಸೀಮಂತ. ನಿಮ್ಮ ಸ್ವಂತ ತಂಗಿ, ಎಲ್ಲರೆದುರು ನನ್ನ ಗಲ್ಲ ಹಿಡಿದೆತ್ತಿ, "ನೋಡಿ, ಇವಳ ಮೂಗು ಹೇಗೆ ವಾರೆ! ಅಕ್ಕನ ಹೆಬ್ಬೆರಳಿನ ಕೆಲಸ. ನನ್ನ ಮಗುವನ್ನು ಅಕ್ಕ ಮೀಯಿಸುದು ಬೇಡಪ್ಪ" ಎಂದರು. ನಮ್ಮೂರು ಅಜ್ಜಾವರದ ಅರ್ಧ ಮಕ್ಕಳು ನಿಮ್ಮ ಕಾಲ ಮೇಲೆ ಮಲಗಿ ಮಿಂದವರು. ನೀವು ತಲೆ ತಗ್ಗಿಸಿ ಒಳಗೆ ಹೋದಿರಿ. ನಾನು ಅಲ್ಲೇ ಹೋಳಿಗೆ ತಿನ್ನುತ್ತಿದ್ದೆ. ಅಪ್ಪನ ಬೆತ್ತ ನೆನಪಾಗಿ ಬಾಯಿ ಬಿಡಲಿಲ್ಲ. ಆಮೇಲೆ ಯಾರ ಮನೆಯಿಂದ ಕರೆ ಬಂದರೂ "ಕೈ ನೋವು" ಎನ್ನುತ್ತಿದ್ದಿರಿ. ನಿಜವಾಗಿ ಕೈ ನೋವಿತ್ತಾ ದೊಡ್ಡಮ್ಮ? ದೊಡ್ಡವಳಾದ ಮೇಲಾದರೂ ನಾನು ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಅಂತ ಇದ್ದಾಗಲೇ ನೀವು ಕಣ್ಣು ಮುಚ್ಚಿದಿರಿ.

ಮೊನ್ನೆ ಭಾನುವಾರ ಕಡಬಕ್ಕೆ, ಚಿಕ್ಕಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, "ಮಗು ಹುಟ್ಟಿದಾಗ ಅಕ್ಕ ಬಾಗಿಲವರೆಗೆ ಬಂದಿದ್ಳು ಮಾರಾಯ್ತಿ, ಎಣ್ಣೆ ಕುಪ್ಪಿ ಹಿಡ್ಕೊಂಡು. ನಾನು ಮಗುವನ್ನು ಕೊಡ್ಲೇ ಇಲ್ಲ" ಎಂದು ಗಳಗಳನೆ ಅತ್ತರು. ನಾನೂ ಅತ್ತೆ. ನನ್ನದೇ ತಪ್ಪು ದೊಡ್ಡಮ್ಮ, ನಿಮ್ಮದಲ್ಲ.

ಮೂಗಿನ ಚಿಂತೆ ಬೇಡ. ಉಪ್ಪುನೀರಿನ ಸ್ಪ್ರೇ ಕೊಟ್ಟಿದ್ದಾರೆ, ಉಸಿರಾಟ ಹಗುರಾಗಿದೆ. ತೀರಾ ಕಷ್ಟವಾದರೆ ಮಾತ್ರ ಆಪರೇಷನ್ನಂತೆ. ಹೊರಗೆ ಕಾಣುವ ವಾರೆ ಹಾಗೇ ಇರಲಿ, ಅದರಿಂದ ಏನೂ ತೊಂದರೆಯಿಲ್ಲವಂತೆ.

ಇನ್ನೊಂದು ಸುದ್ದಿ. ನನಗೀಗ ಐದು ತಿಂಗಳು! ಮಗುವಿನ ಮೂಗು ತಿದ್ದಲು ಯಾರನ್ನೂ ಬಿಡುವುದಿಲ್ಲ, ಅದಕ್ಕೆ ಸಿಟ್ಟಾಗಬೇಡಿ. ಆದರೆ ನಿಮ್ಮ ಹಾಗೆಯೇ ಕಾಲು ಚಾಚಿ ಕೂತು, ನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ, ನಾನೇ ಮೀಯಿಸುತ್ತೇನೆ. ಯಾರು ಕಲಿಸಿದ್ದು ಎಂದು ಕೇಳಿದವರಿಗೆಲ್ಲ ನಿಮ್ಮ ಹೆಸರನ್ನೇ ಹೇಳುತ್ತೇನೆ. ಚಿಕ್ಕಮ್ಮನಿಗೂ ಕೇಳುವ ಹಾಗೆ, ಗಟ್ಟಿಯಾಗಿ.

ನಿಮ್ಮ,
ಪುಟ್ಟಿ