ನಿನ್ನ ಕೈ ತಪ್ಪಲ್ಲ

ಭಾನುವಾರ, ಫೆಬ್ರವರಿ ೮

ನನ್ನ ಚಿನಕುರುಳಿ ತಂಗಿಗೆ,

ಅಕ್ಕನ ಅಕ್ಷರ ಅಂತ ಗುರುತು ಸಿಕ್ಕ ಕೂಡಲೇ ಹರಿಯಬೇಡ. ಮೊದಲು ಕೂತುಕೋ. ಕಾಲು ಊದಿದೆಯಾ? ನಿನಗೆ ಐದು ತಿಂಗಳು ಅಂತ ಸೋದರಮಾವ ಫೋನಿನಲ್ಲಿ ಹೇಳಿದಾಗ ಸಂತೋಷಕ್ಕೆ ಅಕ್ಕಪಕ್ಕದ ಮನೆಗೆಲ್ಲ ಬೆಲ್ಲ ಹಂಚಿ ಬಂದೆ. ಆದರೆ ಅವರು ಹೇಳಿದ ಇನ್ನೊಂದು ಮಾತನ್ನು ಎರಡು ವಾರದಿಂದ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೇನೆ. ಹುಟ್ಟಿದ ಮೇಲೆ ಮಗುವನ್ನು ನೀವೇ ಎತ್ತಿಕೊಳ್ಳಿ, ನನ್ನ ಕೈಗೆ ಮಾತ್ರ ಕೊಡಬೇಡಿ ಅಂತ ನೀನು ಗಂಡನ ಹತ್ತಿರ ಅತ್ತುಕೊಂಡೆಯಂತೆ.

ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು, ನಮ್ಮ ಗುಂಡಮ್ಮ, ಹೀಗೆ ಮಂಕಾದದ್ದು ನಿನ್ನ ಕೈಯಿಂದಲ್ಲ.

ಹೋದ ತಿಂಗಳು ನಾನು ಉಪ್ಪು ಪ್ಯಾಕ್ ಮಾಡುವ ಶೆಡ್ಡಿಗೆ ಒಬ್ಬ ನರ್ಸಮ್ಮ ತಪಾಸಣೆಗೆ ಬಂದಿದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಏನಕ್ಕಾ, ಕತ್ತಲ್ಲಿ ನಿಂಬೆಹಣ್ಣು ಬಚ್ಚಿಟ್ಟಿದೀಯಾ ಅಂತ ನನ್ನ ಗಂಟಲಿನ ಗಡ್ಡೆ ಮುಟ್ಟಿ ನಕ್ಕರು. ಮನೇಲಿ ಯಾವ ಉಪ್ಪು ತಿಂತೀರಿ ಅಂದರು. ಪ್ಯಾಕೆಟ್ಟಿನದು ಯಾಕೆ, ಅಂಗಳದ ರಾಶಿಯಿಂದ ಕೆಲಸದವರಿಗೆ ಬಿಟ್ಟಿಯಾಗಿ ಕೊಡ್ತಾರಲ್ಲ, ಅಯೋಡಿನ್ ಔಷಧಿ ನೀರು ಸಿಂಪಡಿಸೋಕೆ ಮೊದಲಿನದು, ಮದುವೆಯಾದಾಗಿಂದ ಅದನ್ನೇ ಅಂದೆ. ಅವರ ನಗು ಅಲ್ಲೇ ನಿಂತಿತು. ಊರಿಗೆಲ್ಲ ಅಯೋಡಿನ್ ಕಟ್ಟಿ ಕಳಿಸಿ ನೀನು ಬರೀ ಉಪ್ಪು ತಿಂದೆಯಲ್ಲ ತಾಯೀ ಅಂದರು.

ಆಮೇಲೆ ಗುಂಡಮ್ಮನನ್ನು ನೋಡಿದರು. ನಮ್ಮಿಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ರಕ್ತ ತೆಗೆದರು, ಹಳೆಯದನ್ನೆಲ್ಲ ಕೇಳಿದರು. ಹುಟ್ಟಿದಾಗ ಅಳು ಗೊಗ್ಗರಾಗಿತ್ತಾ, ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿತ್ತಾ, ಮುಖ ಊದಿಕೊಂಡಿತ್ತಾ ಅಂತ. ಎಲ್ಲಕ್ಕೂ ಹೌದು ಹೌದು ಅಂದೆ. ಅವಳು ನಿನ್ನ ಮಡಿಲಿಂದ ಜಾರಿ ಬಿದ್ದದ್ದನ್ನೂ ಹೇಳಿದೆ. ಮೈ ತುಂಬಿಕೊಂಡ ಕೂಸು, ಅಳುವುದೇ ಇಲ್ಲ ಅಂತ ನಾವು ಮೆರೆದೆವಲ್ಲ, ಗುಂಡಮ್ಮ ಅಂತ ಹೆಸರಿಟ್ಟವಳೂ ನೀನೇ. ಬಸುರಿಯ ಊಟದಲ್ಲಿ ಅಯೋಡಿನ್ ಸಾಲದಿದ್ದರೆ ಹೊಟ್ಟೆಯಲ್ಲೇ ಕೂಸಿನ ಮಿದುಳು ಬೆಳೆಯಲು ತಡವರಿಸುತ್ತದಂತೆ. ಮಡಿಲಿಂದ ಜಾರಿ ಚಾಪೆಯ ಮೇಲೆ ಬಿದ್ದರೆ ಹೀಗಾಗೋದಿಲ್ಲಮ್ಮ ಅಂದರು ಡಾಕ್ಟರು.

ನನಗಾದರೂ ಏನು ಗೊತ್ತಿತ್ತು? ಐದನೇ ಕ್ಲಾಸಿಗೆ ಓದು ನಿಂತವಳು.

ಅಮ್ಮ ಹೋದ ಮೇಲೆ ನನ್ನ ಮನೆಗೆ ಬಂದಾಗ ನಿನಗೆ ಹನ್ನೆರಡು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು. ಈ ಹುಡುಗಿ ಕೈ ಬಿಟ್ಟದ್ದಕ್ಕೇ ಮಗು ಮಂಕಾಯ್ತು ಅಂತ ನನ್ನ ಅತ್ತೆ ಬೀದಿಗೆ ಕೇಳುವಂತೆ ಕೂಗಿದಾಗ ನೀನು ನನ್ನ ಮುಖ ನೋಡಿದೆ. ನಾನು ಪಾತ್ರೆ ನೋಡಿದೆ. ಮಾರನೇ ವಾರ ನಿನ್ನನ್ನು ಸೋದರಮಾವನ ಜೊತೆ ಬಸ್ಸು ಹತ್ತಿಸಿದೆ. ಹತ್ತೊಂಬತ್ತು ವರ್ಷವಾಯಿತು. ನೀನು ಮಲಗುತ್ತಿದ್ದ ಗೋಡೆಯ ಬದಿಗೆ ನಾನು ಇಂದಿಗೂ ಕಾಲು ಚಾಚುವುದಿಲ್ಲ. ನಿದ್ದೆಯಲ್ಲಿ ನಿನಗೆ ತಾಗೀತು ಅನ್ನುವ ಭಯ. ಹುಚ್ಚು ಅನ್ನು, ಪರವಾಗಿಲ್ಲ.

ಈಗ ನನ್ನ ಮಾತು ಕೇಳು. ಅಯೋಡಿನ್ ಇರುವ ಪ್ಯಾಕೆಟ್ ಉಪ್ಪನ್ನೇ ತಾ. ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಇಡಬೇಡ. ಹರಳುಪ್ಪಾದರೆ ನನ್ನ ಹಾಗೆ ಧೂಳು ಅಂತ ತೊಳೆಯಬೇಡ, ಔಷಧಿಯೂ ತೊಳೆದು ಹೋಗುತ್ತದೆ. ಜಾಸ್ತಿ ಒಳ್ಳೆಯದು ಅಂತ ಹೆಚ್ಚು ಸುರಿದುಕೊಳ್ಳಲೂ ಬೇಡ. ನಾಳೆಯೇ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸು. ಮೆಟ್ಟಿಲು ನಿಧಾನವಾಗಿ ಇಳಿ.

ಹೆರಿಗೆಗೆ ನಾನು ಬರಲಾ? ಮನೆಯೊಳಗೆ ಕರೆಯದಿದ್ದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತೇನೆ. ಮಗುವನ್ನು ಮೊದಲು ನಿನ್ನ ಕೈಗೇ ಕೊಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ.

ನಿನ್ನನ್ನು ಬಸ್ಸು ಹತ್ತಿಸಿದ,
ಅಕ್ಕ

ತಾ.ಕ.: ಬರೆಯಲು ಮರೆತೆ. ಇಲ್ಲ, ಮರೆತಿರಲಿಲ್ಲ. ಲಕೋಟೆಯಲ್ಲಿ ಒಂದು ಹಳೆಯ ಚೀಟಿ ಇದೆ, ಮಡಿಕೆ ಹರಿದಿದೆ, ಮೆಲ್ಲಗೆ ಬಿಡಿಸು. ಗುಂಡಮ್ಮನಿಗೆ ಆರು ತಿಂಗಳಾದಾಗ ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿದ್ದೆ. ಕತ್ತು ಇನ್ನೂ ನಿಂತಿಲ್ಲ, ಬೆಳವಣಿಗೆ ತಡ, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಟ್ಟಿದ್ದರು. ಹೆದರಿ ಹೋಗಲಿಲ್ಲ. ತಾರೀಕು ನೋಡು. ನಿನ್ನ ಮಡಿಲಿಂದ ಅವಳು ಜಾರಿದ್ದು ಅದಾಗಿ ಎರಡು ತಿಂಗಳಿಗೆ. ಅತ್ತೆ ಕೂಗುತ್ತಿದ್ದಾಗ ಈ ಚೀಟಿ ನನ್ನ ಸೆರಗಿನ ಗಂಟಿನಲ್ಲಿತ್ತು.