ಕಿರುಬೆರಳ ಉಗುರು

ಜೂನ್ ೩, ಬೆಳಿಗ್ಗೆ

ಟೀ ಮತ್ತೆ ಆರಿತು. ಮೂರನೇ ತರಗತಿಯ ಜಾದೂ ಪಠ್ಯಕ್ಕೆ ಇನ್ನೊಂದು ಕೈಯ ಚಿತ್ರ ಬರೆದು ಮುಗಿಸಿದೆ — ‘ಬಿಸಿ ಮಾಡುವ ಮುದ್ರೆ’. ಎಂದಿನಂತೆ ಕಿರುಬೆರಳ ಉಗುರನ್ನು ಬರೆಯದೆ ಬಿಟ್ಟೆ. ನಮ್ಮ ಕಸುಬಿನ ಮೊದಲ ಪಾಠ ಅದು. ಮುದ್ರೆಯನ್ನು ಪೂರ್ತಿ ಬರೆದರೆ ಚಿತ್ರವೇ ಜಾದೂ ಮಾಡಿಬಿಡುತ್ತದೆ. ಮಕ್ಕಳ ಬ್ಯಾಗಿಗೆ ಬೆಂಕಿ, ನನ್ನ ಲೈಸೆನ್ಸಿಗೆ ಕತ್ತರಿ.

ನನಗಂತೂ ಹುಟ್ಟಿನಿಂದ ಜಾದೂ ಒಲಿದಿಲ್ಲ. ಊರೆಲ್ಲ ಬೆರಳಾಡಿಸಿ ಬಾಗಿಲು ತೆಗೆಯುವಾಗ ಜೇಬಿನಲ್ಲಿ ಕೀ ಹುಡುಕುವವನು ನಾನೊಬ್ಬನೇ.

ನಾನು ನೋಡಿ ಬರೆಯುವ ಕೈಗಳೆಲ್ಲ ಅಕ್ಕನವು. ಆಚೆ ಕೋಣೆಯಿಂದಲೇ ಬೆರಳಾಡಿಸಿ ನನ್ನ ಟೀಯನ್ನು ನಾಲಿಗೆ ಸುಡದ ಹದಕ್ಕೆ ಬಿಸಿ ಮಾಡುತ್ತಿದ್ದಳು. ಈಗೀಗ ಇಲ್ಲ. “ಸೋಮಾರಿ, ಎದ್ದು ಕಾಯಿಸ್ಕೋ” ಅನ್ನುತ್ತಾಳೆ. ನಡುಗುವ ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ. ಕೈ ನೋಡಿಯೇ ಹೊಟ್ಟೆ ಹೊರೆಯುವ ನನಗೆ ಕಾಣದೇ?

ಜೂನ್ ೬

ಪ್ರಕಾಶಕರ ಆಫೀಸು. ಮ್ಯಾನೇಜರ್ ಚಿತ್ರವನ್ನು ಬೆಳಕಿಗೆ ಹಿಡಿದ.

“ಬೆರಳು ಅದುರಿದಂಗಿದೆಯಲ್ಲ ಸಾರ್. ನಿಮ್ಮ ಕೈಯೋ, ನಿಮ್ಮಕ್ಕನ ಕೈಯೋ?”

“ನಂದೇ.”

ನಂಬಲಿಲ್ಲ. “ಬೇಜಾರಾಗ್ಬೇಡಿ... ಬೇರೆ ಕೈ ನೋಡಿ ಸಾರ್.”

ಅಕ್ಕನಿಗೆ ಹೇಗೆ ಹೇಳಲಿ? ಅವಳಿಗೆ ಇರುವ ಹೆಮ್ಮೆ ಇದೊಂದೇ. ಸುಸ್ತು. ಊಟ ಬೇಡವೆಂದೆ. “ಮತ್ತೆ ಮುಖ ಊದಿಸ್ಕೊಂಡ್ಯಾ?” ಎಂದಳು.

ಜೂನ್ ೭

ಹೇಳಲಿಲ್ಲ.

ಜೂನ್ ೧೫, ಸಂಜೆ

ಕೆಟ್ಟ ಬುದ್ಧಿ ಬಂತು. ಹಳೆಯ ಸ್ಕೆಚ್ ನೋಡಿ ಅಕ್ಕನ ಕೈಯನ್ನು ಉಗುರು ಸಮೇತ ಬರೆದೆ. ಸಾಸರಿನ ತಳಕ್ಕೆ ಅಂಟಿಸಿದೆ. ಆರಿದ ಟೀ ಕಪ್ಪನ್ನು ಅದರ ಮೇಲಿಟ್ಟು, ಚಿತ್ರ ಬಿಸಿಯೇರುವ ಮುಂಚೆಯೇ “ಅಕ್ಕಾ, ಒಂದ್ಸಲ ಬಿಸಿ ಮಾಡೇ” ಎಂದೆ.

ಬೆರಳಾಡಿಸಿದಳು. ಟೀ ಕೊತಕೊತ ಕುದಿದು ಟೇಬಲ್ಲೆಲ್ಲ ಚೆಲ್ಲಿತು. ಒಂದು ಕ್ಷಣ ಅವಳ ಮುಖ ಎಷ್ಟು ಅರಳಿತು! ಆಮೇಲೆ ಸಾಸರ್ ಮಗುಚಿ ನೋಡಿದಳು.

“ಇಷ್ಟು ವರ್ಷದಲ್ಲಿ ಒಂದಿನಾದ್ರೂ ನಿನ್ನ ನಾಲಿಗೆ ಸುಟ್ಟಿದ್ದೀನೇನೋ?”

ಬಟ್ಟೆ ತಂದು ಟೇಬಲ್ ಒರೆಸತೊಡಗಿದೆ.

“ಆಫೀಸಲ್ಲಿ ಬೇಡ ಅಂದ್ರಾ ನನ್ನ ಕೈ?”

ತಲೆಯಾಡಿಸಿದೆ. ಅತ್ತದ್ದು ಅವಳಲ್ಲ, ನಾನು.

ಜೂನ್ ೧೬, ಬೆಳಿಗ್ಗೆ

ಶಾಲು ತೆಗೆದಿಟ್ಟು ಎದುರಿಗೆ ಕೂತಿದ್ದಾಳೆ. “ಈಗಿನ ಕೈ ಬರಿ. ನಡುಕಾನೂ ಸೇರ್ಸಿ, ಉಗುರೂ ಸೇರ್ಸಿ. ಪುಸ್ತಕಕ್ಕಲ್ಲ, ಮನೆಗೆ.”

“ಲೈಸೆನ್ಸ್ ಹೋದ್ರೆ?”

“ಅದನ್ನಿಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?”

ಬರೆಯುತ್ತಿದ್ದೇನೆ, ನಡುನಡುವೆ ಇಲ್ಲಿ ಗೀಚುತ್ತಿದ್ದೇನೆ. ನಡುಗುವ ಕೈಯ ಮುದ್ರೆಯನ್ನು ಈವರೆಗೆ ಯಾರೂ ಬರೆದಿಲ್ಲ. ಫಲಿಸದಿದ್ದರೆ ಯಾವ ಮುಖ ಇಟ್ಟುಕೊಂಡು ಅವಳನ್ನು ನೋಡಲಿ? ಗೆರೆಯನ್ನು ಅವಳ ಬೆರಳಿನ ಜೊತೆಗೇ ಅದುರಲು ಬಿಟ್ಟೆ. ಟೀ ಪಕ್ಕದಲ್ಲಿದೆ. ಆರಿದೆ. ಉಗುರೊಂದು ಬಾಕಿ.

ಉಗುರು ಬರೆದೆ. ಟೀ ಕುದಿಯಲಿಲ್ಲ. ಹಬೆಯೂ ಇಲ್ಲ. ಅಕ್ಕ ಕಿಟಕಿಯತ್ತ ತಿರುಗಿದಳು.

ಸುಮ್ಮನೆ ಒಂದು ಗುಟುಕು ಕುಡಿದೆ. ಸುಡಲಿಲ್ಲ. ತಣ್ಣಗೂ ಇಲ್ಲ. ಅದೇ ಹದ, ಅಕ್ಕನ ಕೈಯ ಹದ.