ಕೈ ಎಲ್ಲಿ?

ಮನೆ, ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ಪ್ರೀತಿಯ ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಬೇಕೆಂದಿದ್ದೆ. ಹೊಡೆದುಹಾಕಿದರೆ ನೀನು ಅದನ್ನೇ ನೆಪ ಮಾಡಿಕೊಂಡು ಮುಂದೆ ಓದುವುದಿಲ್ಲ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಹಾಗಾಗಿ ಇರಲಿ ಬಿಡು. ಹೇಗಿದ್ದೀಯ? ಎದೆ ಉರಿ ಕಡಿಮೆಯಾಯಿತೇ? ಆ ಬಿಳಿ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಎರಡು ಲೋಟ ಚಹಾ ಸುರಿದುಕೊಂಡ ಮೇಲಲ್ಲ. ಅತ್ತಿಗೆ ಹೇಳಿ ಹೇಳಿ ಸುಸ್ತಾಗಿದ್ದಾರೆ. ಚಿಕ್ಕಮ್ಮನ ಮನೆಯ ಮಂಚ ನಿನ್ನ ಉದ್ದಕ್ಕೆ ಸಾಲದು, ಕಾಲು ಹೊರಗೆ ಚಾಚಿ ಮಲಗಿ ಸೊಂಟ ಹಿಡಿಸಿಕೊಂಡಿರುತ್ತೀಯ. ಕಾಗದ ಏಕೆ ಎಂದು ಕೇಳಬೇಡ. ನಿನ್ನ ಫೋನಿಗೆ ಮಾಡಿ ಮಾಡಿ ಬೆರಳು ಸವೆಯಿತು. ಅದು ಸ್ವಿಚ್ ಆಫ್, ಚಿಕ್ಕಮ್ಮನಿಗೆ ಮಾಡಿದರೆ ನೀನು ಸದಾ ಸ್ನಾನಕ್ಕೆ ಹೋಗಿರುತ್ತೀಯ. ಇಷ್ಟೊಂದು ಸ್ನಾನ ನೀನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಕಾಗದವನ್ನಂತೂ ಸ್ವಿಚ್ ಆಫ್ ಮಾಡಲು ಬರುವುದಿಲ್ಲ. ನಾಳೆ ನಮ್ಮ ಲಾಂಡ್ರಿಯ ವ್ಯಾನು ಆ ಕಡೆ ಬರುತ್ತದೆ, ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನಿನ್ನ ಕೈಗೇ ಕೊಡಬೇಕು, ಸ್ನಾನದ ಮನೆ ಬಾಗಿಲು ತಟ್ಟಿಯಾದರೂ ಕೊಡಬೇಕು ಎಂದು ಹೇಳಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ. ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ, ಮಾತಾಡಿದರೆ ಅರ್ಧ ಗಾಳಿ. ಅಪ್ಪ ಕೆಲಸದ ಮೇಲೆ ಹೋಗಿದ್ದಾರೆ ಎಂದು ಅತ್ತಿಗೆ ನಿನ್ನ ಮಗಳಿಗೆ ಹೇಳಿದ್ದಾರೆ, ಅದು ನಂಬಿದೆ. ನಿನ್ನೆ ನಾನು ಬೀರುವಿನ ಮುಂದೆ ನಿಂತು ಬಟ್ಟೆ ಜೋಡಿಸುತ್ತಿದ್ದೆ. ಹಿಂದಿನಿಂದ ಬಂದು ಬೀರುವಿನ ಬಾಗಿಲಿಗೆ ಕೈ ಹಚ್ಚಿ “ಕೈ ಎಲ್ಲಿ?” ಎಂದು ಕೂಗಿದಳು. ನಾನು ಎರಡು ಕೈಯನ್ನೂ ಮೇಲೆತ್ತಿ “ಇಲ್ಲಿ!” ಎಂದೆ. ಬಾಗಿಲು ಹಾಕಿದಳು. ಆಮೇಲೆ ತಲೆ ಓರೆ ಮಾಡಿ, “ಅತ್ತೆ, ಅಪ್ಪ ಅಲ್ಲಿ ಬಾಗಿಲು ಹಾಕೋವಾಗ ಯಾರನ್ನ ಕೇಳ್ತಾರೆ?” ಎಂದಳು. ನಾನು ಬಟ್ಟೆ ಮಡಚುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ನೀನೇ ಬಂದು ಉತ್ತರ ಹೇಳು ಅವಳಿಗೆ, ನನ್ನಿಂದ ಆಗುವುದಿಲ್ಲ.

ಆ ಕೂಗು ಯಾರದ್ದು ಅಣ್ಣ? ನಿನ್ನದೇ. ಆ ಹಳೇ ಮನೆಯ ಬಾಗಿಲು ಗಾಳಿಗೆ ಬಡಿದು ನನ್ನ ಕಿರುಬೆರಳು ಸಿಕ್ಕಿಕೊಂಡಿತಲ್ಲ, ನಿನಗಾಗ ಇನ್ನೂ ಮೀಸೆಯ ಸುಳಿವೂ ಇರಲಿಲ್ಲ. ತಪ್ಪು ನಿನ್ನದಲ್ಲ, ಗಾಳಿಯದ್ದು. ಆದರೂ ನನಗಿಂತ ಜೋರಾಗಿ ಅತ್ತವನು ನೀನು. ಅಮ್ಮ ಕೆಲಸದಿಂದ ಬಂದಾಗ ಯಾರಿಗೆ ಪೆಟ್ಟಾಗಿದೆ ಎಂದು ತಿಳಿಯದೆ ಮೊದಲು ನಿನ್ನ ಕೈ ಹಿಡಿದು ನೋಡಿದರು. ಮರುದಿನ ನೀನು ಮನೆಗೆ ಕಾನೂನು ಮಾಡಿದೆ. ಬಾಗಿಲು, ಬೀರು, ಪೆಟ್ಟಿಗೆ, ಏನೇ ಮುಚ್ಚಲಿ, “ಕೈ ಎಲ್ಲಿ?” ಎಂದು ಕೇಳಬೇಕು. “ಇಲ್ಲಿ!” ಎಂದು ಉತ್ತರ ಬರುವ ತನಕ ಮುಚ್ಚಬಾರದು. ಅಮ್ಮನಿಗೂ ವಿನಾಯಿತಿ ಇರಲಿಲ್ಲ. ಪಾಪ, ಮನೆಯಲ್ಲಿ ಯಾರೂ ಇಲ್ಲದಾಗಲೂ ಬೀರುವನ್ನೇ “ಕೈ ಎಲ್ಲಿ?” ಎಂದು ಕೇಳಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರಂತೆ. ನನ್ನ ಕಿರುಬೆರಳಿನ ಉಗುರು ಈಗಲೂ ಸೊಟ್ಟಗೇ ಬೆಳೆಯುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ನೋವು ನೆನಪಾಗುತ್ತಿರಲಿಲ್ಲ, ನಿನ್ನ ಕಾನೂನು ನೆನಪಾಗುತ್ತಿತ್ತು. ಇಂಥ ಅಣ್ಣ ಯಾರಿಗಿದ್ದಾನೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡವಳು ನಾನು. ಈಗ ಆ ಜಂಬವನ್ನು ಎಲ್ಲಿ ಬಚ್ಚಿಡಲಿ?

ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆದಾಗ ನೀನು ಮಾಡಿದ ಮೊದಲ ಕೆಲಸವೂ ಅದೇ. ಬೆಡ್‌ಶೀಟ್ ಒತ್ತುವ ಆ ದೊಡ್ಡ ಪ್ರೆಸ್‌ಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಲ್ಲಬೇಕು. ಇಬ್ಬರ ಮುಂದೆಯೂ ಒಂದೊಂದು ಬಟನ್ ಇದೆ. ಇಬ್ಬರೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಬಿಸಿ ಹಲಗೆ ಕೆಳಗಿಳಿಯುತ್ತದೆ. ಅಂದರೆ ಇಬ್ಬರ ಕೈಯೂ ಬಟನ್ ಮೇಲಿದೆ, ಒಳಗಿಲ್ಲ ಎಂದು ಮೆಷಿನ್ನಿಗೆ ಖಾತ್ರಿಯಾಗಬೇಕು. ನಿನಗೆ ಅಷ್ಟೂ ಸಾಲಲಿಲ್ಲ. ಮೆಷಿನ್ ಕೇಳಲಿ ಬಿಡಲಿ, ನಾವು ಬಾಯಿಬಿಟ್ಟು ಕೇಳಬೇಕು ಎಂದೆ. ಈ ಕಡೆಯವರು “ಕೈ ಎಲ್ಲಿ?”, ಆ ಕಡೆಯವರು “ಇಲ್ಲಿ!”, ಆಮೇಲೆ ಬಟನ್. ಮೊದಲು ಎಲ್ಲರೂ ನಕ್ಕರು. ದೊಡ್ಡಕ್ಕ ಮಾತ್ರ ನಗಲಿಲ್ಲ. ನಮಗೆಲ್ಲ ಕೆಲಸ ಕಲಿಸಿದವರು, ನಾನು ಸೇರಿದ ಹೊಸದರಲ್ಲಿ ನನ್ನ ಕೈ ಹಿಡಿದು ಶೀಟಿನ ಮೂಲೆ ಎಳೆಯುವುದನ್ನು ತೋರಿಸಿದವರು. “ನಗ್ತೀರಲ್ಲ, ಇಷ್ಟು ವರ್ಷದಲ್ಲಿ ನನ್ನ ಕೈ ಎಲ್ಲಿದೆ ಅಂತ ಕೇಳಿದ ಮೊದಲನೇ ಸೂಪರ್‌ವೈಸರ್ ಕಣ್ರೇ ಇವನು” ಎಂದರು. ಅಂದಿನಿಂದ ಅವರು “ಇಲ್ಲಿ!” ಎನ್ನುವುದು ರಸ್ತೆಯವರೆಗೂ ಕೇಳಿಸುತ್ತಿತ್ತು.

ಆಮೇಲೆ ಹೋಟೆಲಿನವರ ದೊಡ್ಡ ಆರ್ಡರ್ ಬಂತು. ಮಾಲೀಕರು ನಿನ್ನನ್ನು ತಲೆ ಮೇಲೆ ಕೂರಿಸಿಕೊಂಡರು, ಬಂದವರಿಗೆಲ್ಲ “ಇವನು ನನ್ನ ಬಲಗೈ” ಎಂದು ಪರಿಚಯ ಮಾಡಿಕೊಟ್ಟರು. ನೀನು ಉಬ್ಬಿದೆ. ಉಬ್ಬಬೇಡ ಎನ್ನುವುದಿಲ್ಲ, ಕಷ್ಟಪಟ್ಟಿದ್ದೀಯ. ಆದರೆ ಒಂದು ಬೆಳಿಗ್ಗೆ ಕಿಸೆ ತುಂಬ ಬಟ್ಟೆ ಕ್ಲಿಪ್ ತುಂಬಿಕೊಂಡು ಬಂದೆ. ಒಂದೊಂದನ್ನೂ ಎರಡಾಗಿ ಮುರಿದು, ಪ್ರತಿ ಪ್ರೆಸ್ಸಿನ ಆ ಕಡೆಯ ಬಟನ್ ಸಂದಿಗೆ ನಿನ್ನ ಕೈಯಾರೆ ಒಂದೊಂದು ಅರ್ಧವನ್ನು ಸಿಕ್ಕಿಸಿದೆ. ಬಟನ್ ಒತ್ತಿದಂತೆಯೇ ನಿಂತಿತು. ಇನ್ನು ಈ ಕಡೆಯವರು ಒಬ್ಬರೇ ಒತ್ತಿದರೆ ಸಾಕು, ಆ ಕಡೆಯವರು ಅಷ್ಟರಲ್ಲಿ ಮುಂದಿನ ಶೀಟು ಬಿಡಿಸಬಹುದು. ಹುಡುಗಿಯರು ಅದಕ್ಕೆ ‘ಮೂರನೇ ಕೈ’ ಎಂದು ಹೆಸರಿಟ್ಟರು, ನಾನೂ ನಕ್ಕೆ. ದೊಡ್ಡಕ್ಕ ಒಬ್ಬರೇ ಕೇಳಿದ್ದು, “ಇದು ಸರೀನಾ ಮಗಾ?” ಎಂದು. “ಈ ಆರ್ಡರ್ ಮುಗಿಯೋ ತನಕ ಅಷ್ಟೇ ದೊಡ್ಡಕ್ಕ” ಎಂದೆ ನೀನು. ಆರ್ಡರಿನ ಹಿಂದೆ ಆರ್ಡರ್ ಬಂತು. ಕೂಗುವುದೂ ನಿಂತಿತು, ಅದಕ್ಕೆ ಹೊತ್ತು ಹಿಡಿಯುತ್ತದಂತೆ. ಎರಡು ಮಾತಿಗೆ ಎಷ್ಟು ಹೊತ್ತಪ್ಪ ಹಿಡಿಯುತ್ತದೆ?

ಅವತ್ತಿನದ್ದನ್ನು ನಿನಗೆ ಬರೆದು ತಿಳಿಸಬೇಕಾಗಿಲ್ಲ. ಆದರೆ ನೀನು ಅತ್ತಿಗೆಗೆ ಹೇಳಿರುವ ಕಥೆ ಬೇರೆಯೇ ಇದೆ. ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ, ಓದು. ಈ ಕಡೆ ನಿಲ್ಲುವವಳು ಚಹಾಕ್ಕೆ ಹೋಗಿದ್ದಳು. ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ನೀನೇ ಬಂದು ಅವಳ ಜಾಗದಲ್ಲಿ ನಿಂತೆ. ಫೋನು ಕಿವಿ ಮತ್ತು ಭುಜದ ನಡುವೆ, “ಆಯ್ತು ಸಾರ್, ಆಯ್ತು ಸಾರ್” ಎನ್ನುತ್ತಿದ್ದೆ. ಶೀಟಿನ ಮೂಲೆಯಲ್ಲಿ ಒಂದು ಸುಕ್ಕು ಉಳಿದಿತ್ತು. ಸುಕ್ಕು ಬಿಟ್ಟು ದೊಡ್ಡಕ್ಕನಿಗೆ ಅಭ್ಯಾಸವಿಲ್ಲ, ಬಗ್ಗಿ ಬಲಗೈ ಒಳಗಿಟ್ಟರು. ನೀನು ಬಾಗಿಲ ಕಡೆ ವ್ಯಾನು ನೋಡುತ್ತಾ ಬಟನ್ ಒತ್ತಿದೆ. ನಾನು ಪಕ್ಕದ ಪ್ರೆಸ್ಸಿನಲ್ಲಿ ನಿಂತಿದ್ದೆ. ದೊಡ್ಡಕ್ಕನ ಆ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅಲ್ಲಿಯವರೆಗಿನದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆ ಅಣ್ಣ, ಆಣೆ ಮಾಡಿ ಹೇಳುತ್ತೇನೆ. ಅವಸರ, ಫೋನು, ಹಾರ್ನು, ಮನುಷ್ಯನಿಗೆ ಆಗುತ್ತದೆ. ಆದರೆ ಹಲಗೆ ಮೇಲೇಳುತ್ತಿದ್ದಂತೆ ನೀನು ಓಡಿದ್ದು ಎಲ್ಲಿಗೆ? ನಲ್ಲಿಯ ಹತ್ತಿರ ಅಲ್ಲ. ದೊಡ್ಡಕ್ಕನ ಹತ್ತಿರವೂ ಅಲ್ಲ. ಸುತ್ತು ಹಾಕಿ ಆ ಕಡೆ ಹೋಗಿ ಮೊದಲು ಆ ಮುರುಕು ಕ್ಲಿಪ್ಪನ್ನು ಕಿತ್ತು ಕಿಸೆಗೆ ಹಾಕಿಕೊಂಡೆ. ಆಮೇಲೆ “ಅಯ್ಯೋ ದೊಡ್ಡಕ್ಕಾ” ಎಂದೆ. ಅವರನ್ನು ನಲ್ಲಿಯ ಕೆಳಗೆ ಹಿಡಿದವಳು ನಾನು. ನೀನು ಒಂದೊಂದೇ ಪ್ರೆಸ್ಸಿನ ಹತ್ತಿರ ಹೋಗಿ ಉಳಿದವನ್ನೂ ಕೀಳುತ್ತಿದ್ದೆ. ನೀರಿನ ಸದ್ದಿನ ನಡುವೆಯೂ ಅವು ನಿನ್ನ ಕಿಸೆಯಲ್ಲಿ ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಥೂ! ಬರೆಯುವಾಗಲೂ ಮೈ ಉರಿಯುತ್ತಿದೆ.

ಸಂಜೆ ಮಾಲೀಕರ ಮುಂದೆ ನಿಂತು, “ಅವ್ರೇ ಸಿಕ್ಕಿಸ್ಕೊಂಡಿದ್ರು ಸಾರ್, ಬಟನ್ ಒತ್ತೋಕೆ ಬೇಜಾರಂತೆ, ನಾನು ನೋಡಿದ ತಕ್ಷಣ ಕಿತ್ತುಹಾಕಿದೆ” ಎಂದೆಯಂತೆ. ಮಾಲೀಕರಿಗೆ ಬೇಕಾಗಿದ್ದೂ ಅದೇ. ಈ ಗುರುವಾರ ವಿಚಾರಣೆಗೆ ಇನ್ಸ್‌ಪೆಕ್ಟರ್ ಬರುತ್ತಾರೆ. ತಪ್ಪು ದೊಡ್ಡಕ್ಕನದ್ದೇ ಎಂದು ತೀರ್ಮಾನವಾದರೆ ಅವರಿಗೆ ಚಿಕಿತ್ಸೆಯೂ ಇಲ್ಲ, ಕೆಲಸವೂ ಇಲ್ಲ, ಕೈಯಂತೂ ಮೊದಲೇ ಇಲ್ಲ. ನೀನು ಚಿಕ್ಕಮ್ಮನ ಮನೆಯಲ್ಲಿ ಕೂತು ಅತ್ತಿಗೆಯ ಬಾಯಲ್ಲಿ ನನಗೆ ಸಂದೇಶ ಕಳಿಸುತ್ತೀಯ. ಪಾಪ, ಅತ್ತಿಗೆ ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದರು, “ನೋಡಿಲ್ಲ ಅಂದ್ರೆ ಸಾಕಂತೆ ಕಣೇ. ಸುಳ್ಳು ಹೇಳು ಅಂತ ಅವರು ಹೇಳ್ತಿಲ್ವಂತೆ.” ಆಹಾ, ಎಷ್ಟು ಒಳ್ಳೆಯವನಪ್ಪ ನೀನು! ತಂಗಿಯ ಬಾಯಲ್ಲಿ ಸುಳ್ಳು ಬರಬಾರದು, ಕಣ್ಣು ಕುರುಡಾದರೆ ಅಡ್ಡಿಯಿಲ್ಲ.

ನಾನು ನೋಡಿದ್ದೇನೆ ಎಂದೇ ಹೇಳುತ್ತೇನೆ. ಕ್ಲಿಪ್ ತಂದವರು ಯಾರು, ಸಿಕ್ಕಿಸಿದವರು ಯಾರು, ಕಿತ್ತವರು ಯಾರು, ನಾವೆಲ್ಲ ಅದನ್ನು ಎಷ್ಟು ದಿನ ಬಾಯಿ ಮುಚ್ಚಿಕೊಂಡು ಬಳಸಿದೆವು, ಎಲ್ಲವನ್ನೂ. ನಿನ್ನ ಮೇಲಿನ ಹಗೆಗಲ್ಲ. ನೀನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ರಸ್ತೆ ದಾಟುವಾಗ ನನ್ನನ್ನು ವಾಹನ ಬರದ ಕಡೆಗೆ ಸರಿಸಿಕೊಳ್ಳುತ್ತಿದ್ದವನು ನೀನು. ನಾನು ಅಂಗಡಿಯಿಂದ ಮಿಠಾಯಿ ಕದ್ದು ತಂದಾಗ, ಅಮ್ಮನಿಗೆ ಹೇಳದೆ, ನನ್ನ ಜೊತೆಗೇ ಬಂದು ವಾಪಸ್ ಕೊಡಿಸಿದವನು ನೀನು. “ಭಯ ಆದ್ರೆ ನನ್ನ ಅಂಗಿ ಹಿಡ್ಕೋ, ಆದ್ರೆ ಮಾತು ನೀನೇ ಆಡಬೇಕು” ಎಂದಿದ್ದೆ. ನನಗೆ ಬಂದಿರುವ ಒಳ್ಳೇ ಬುದ್ಧಿಯೆಲ್ಲ ನಿನ್ನಿಂದ ಬಂದದ್ದು. ಅದನ್ನೇ ಈಗ ನಿನ್ನ ಎದುರು ಹಿಡಿಯಬೇಕಾಗಿದೆಯಲ್ಲ, ಇದಕ್ಕಿಂತ ಕಹಿ ಬೇರೆ ಏನಿದೆ ಹೇಳು. ಇಷ್ಟೆಲ್ಲ ಬರೆಯುತ್ತಿದ್ದೇನೆ, ಆದರೆ ಆಸ್ಪತ್ರೆಗೆ ಹೋಗಿ ದೊಡ್ಡಕ್ಕನನ್ನು ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ. ನಿನ್ನ ತಂಗಿ ಎನಿಸಿಕೊಂಡು ಅವರ ಮುಂದೆ ಹೇಗೆ ನಿಲ್ಲಲಿ? ಇವತ್ತು ಸಂಜೆ ಹೋಗುತ್ತೇನೆ, ಏನಾದರಾಗಲಿ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಅವರ ಮುಂದೆ ಈ ಕಾಗದ ಓದಬೇಡ, ಗಾಬರಿಯಾಗುತ್ತಾರೆ. ಮಾತ್ರೆ ಮರೆಯಬೇಡ. ಎಷ್ಟೇ ಸಿಟ್ಟಿದ್ದರೂ ನಿನ್ನ ಆರೋಗ್ಯದ ಚಿಂತೆ ನನ್ನನ್ನು ಬಿಡುವುದಿಲ್ಲ, ಹಾಳು ಅಭ್ಯಾಸ.

ಇಂತಿ,
ನೀನೇ ಹೆಸರಿಟ್ಟ ನಿನ್ನ ತಂಗಿ,
ಬಾಯಿಬಡುಕಿ

ಮರೆತ ಮಾತು: ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಚಪ್ಪಲಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ. ಮೇಲಿನದ್ದೆಲ್ಲ ಓದದಿದ್ದರೂ ಇದನ್ನು ಓದು. ಬಾಗಿಲು ಸದ್ದಾದಾಗಲೆಲ್ಲ ದೊಡ್ಡಕ್ಕ ನೀನು ಬಂದೆಯೇನೋ ಎಂದು ತಿರುಗಿ ನೋಡುತ್ತಾರಂತೆ. ನನ್ನನ್ನು ಕಂಡು ಎಡಗೈಯಿಂದ ನನ್ನ ಕೆನ್ನೆ ಸವರಿದರು. ಕ್ಲಿಪ್ಪು ಅವರೇ ಸಿಕ್ಕಿಸಿದ್ದು ಎಂದು ನೀನು ಹೇಳಿರುವುದು ಅವರಿಗೆ ಗೊತ್ತು. ಆದರೂ, “ಪಾಪ, ಅವನು ‘ಕೈ ಎಲ್ಲಿ’ ಅಂತ ಕೇಳಿದ್ದ ಕಣೇ. ನನಗೇ ಕೇಳಿಸ್ಲಿಲ್ಲ. ವಯಸ್ಸಾಯ್ತಲ್ಲ, ಕಿವಿ ಮಂದ” ಎಂದರು. ಮಾಲೀಕರಿಗೂ ಹಾಗೇ ಹೇಳಿದ್ದಾರೆ, ಗುರುವಾರವೂ ಹಾಗೇ ಹೇಳುತ್ತಾರಂತೆ. ಮಾಲೀಕರು ಆಗಲೇ, ಕಿವಿ ಕೇಳಿಸದವರನ್ನು ಮೆಷಿನ್ ಹತ್ತಿರ ಇಟ್ಟುಕೊಂಡದ್ದೇ ತಪ್ಪಾಯಿತು, ಇನ್ನು ಮನೆಯಲ್ಲಿರಲಿ ಎಂದು ಹೇಳಿ ಹೋಗಿದ್ದಾರೆ. ನಾನು ಒಬ್ಬಳೇ ನಿಜ ಹೇಳಿದರೆ ನಾನೇ ಸುಳ್ಳಿ ಆಗುತ್ತೇನೆ, ಸುಟ್ಟ ಕೈಯವರೇ ಬೇರೆ ಮಾತು ಹೇಳುವಾಗ ನನ್ನದನ್ನು ಯಾರು ನಂಬುತ್ತಾರೆ? ಗುರುವಾರದ ಒಳಗೆ ಬಾ. ಭಯವಾದರೆ ನನ್ನ ಸೆರಗು ಹಿಡಿದುಕೋ, ಆದರೆ ಮಾತು ನೀನೇ ಆಡಬೇಕು. ಅವತ್ತು ನಾನು ಪಕ್ಕದಲ್ಲೇ ನಿಂತಿದ್ದೆ ಅಣ್ಣ, ನೀನು ‘ಕೈ ಎಲ್ಲಿ’ ಎಂದು ಕೇಳಲಿಲ್ಲ. ನಾನು ಹೊರಡುವಾಗ, ಬಾಗಿಲ ಹತ್ತಿರ ನಿಂತು, ನನಗೇ ಕೇಳಿಸದಷ್ಟು ಮೆಲ್ಲಗೆ “ಕೈ ಎಲ್ಲಿ?” ಎಂದೆ. ಆ ತುದಿಯ ಮಂಚದಿಂದ ತಕ್ಷಣ “ಇಲ್ಲಿ” ಎಂದರು. ದೊಡ್ಡಕ್ಕನ ಕಿವಿ ಚೆನ್ನಾಗಿಯೇ ಇದೆ.